ಚಿನ್ನದ ನಾಡಿನಲ್ಲಿ ಲೋಹದ ಬೇಟೆ

ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ರೈಲು ಮಾರ್ಗದಿಂದ ಬಂಗಾರಪೇಟೆಯಲ್ಲಿ ಒಂದು ಕವಲು ಒಡೆದು ಮಾರಿಕುಪ್ಪಂ ತನಕ ಸಾಗುತ್ತದೆ. ಹತ್ತು ಮೈಲಿಯ ಈ ಪುಟ್ಟ ದಾರಿಯನ್ನು 1894ರಲ್ಲಿ ಚಿನ್ನದ ಗಣಿಗಳ ಸಲುವಾಗಿಯೇ ತೆರೆದರು. ಆ ಕಾಲದಲ್ಲಿ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ನೆನಪು ಅದು. ಇಂದು ಆ ಬಂಡಿಗಳಲ್ಲಿ ಗಣಿಗೆ ಹೋಗುವವರು ಯಾರೂ ಇಲ್ಲ. 2001ರ ಫೆಬ್ರವರಿ ಕೊನೆಯ ದಿನ ಗಣಿಗಳು ಮುಚ್ಚಿದ ಮೇಲೆ, ಗಣಿ ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಬೆಳಗಿನ ಜಾವದಲ್ಲೆದ್ದು ಬುತ್ತಿ ಹಿಡಿದು ಬೆಂಗಳೂರಿನ ಕೆಲಸಗಳಿಗೆ ಧಾವಿಸುವುದು ಈ ಬಂಡಿಗಳಲ್ಲಿಯೇ.

ಊರಿಗಾಂ ಸಮೀಪಿಸುತ್ತಿದ್ದಂತೆ ಕಿಟಕಿಯ ಹೊರಗೆ ಬೂದಿಬಣ್ಣದ ಬೋಳು ದಿಣ್ಣೆಗಳು ಕಾಣಿಸುತ್ತವೆ. ಊರವರು ಅವನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಪಾತಾಳದಿಂದೆತ್ತಿದ ಕಲ್ಲನ್ನು ಹುಡಿಗುಟ್ಟಿ, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮೀರಿದ ಮರಳು ಅದು. ಒಂದು ಶತಮಾನಕ್ಕೂ ಮಿಗಿಲಾದ ಕಾಲದಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್ನು. ಇಂಥ ಊರಿನ ನೆಲವನ್ನು ಕಂಡ ಯಾರಿಗೇ ಆಗಲಿ ಒಂದು ಆಸೆ ಹುಟ್ಟುವುದು ಸಹಜ: ಇಷ್ಟೆಲ್ಲ ಕೊಟ್ಟ ಮಣ್ಣು ಕಾಲಡಿಯಲ್ಲಿ ಇನ್ನೂ ಏನನ್ನಾದರೂ ಬಚ್ಚಿಟ್ಟುಕೊಂಡಿರಲಾರದೆ?

ಆ ಆಸೆಗೆ ಈಗ ಒಂದು ಯಂತ್ರವೂ ದೊರೆತಿದೆ. ಲೋಹಶೋಧಕ ಅಥವಾ ಮೆಟಲ್ ಡಿಟೆಕ್ಟರ್ ಎಂಬುದು ಅದರ ಹೆಸರು. ಚಲನಚಿತ್ರ ಮಂದಿರದ ಬಾಗಿಲಲ್ಲಿ, ವಿಮಾನ ನಿಲ್ದಾಣದಲ್ಲಿ ನಮ್ಮ ಮೈ ಸವರುವ ಕೋಲಿನ ದೊಡ್ಡಣ್ಣ ಇದು. ಉದ್ದನೆಯ ಹಿಡಿ, ಅದರ ತುದಿಗೆ ದೋಸೆಯ ಕಾವಲಿಯಂಥ ಒಂದು ತಟ್ಟೆ, ಕಿವಿಗೊಂದು ಶ್ರವಣಸಾಧನ. ಹವ್ಯಾಸಿಗಳು ಇದನ್ನು ಹಿಡಿದು ಭಾನುವಾರದ ಬೆಳಗನ್ನೆಲ್ಲ ಹೊಲ, ಕಡಲ ತೀರ, ಹಳೆಯ ದಾರಿಗಳಲ್ಲಿ ಕಳೆಯುತ್ತಾರೆ. ಇಂಗ್ಲೆಂಡಿನಲ್ಲಿ ಇದೊಂದು ಗೌರವದ ವಿನೋದ. 2009ರ ಜುಲೈ ತಿಂಗಳಲ್ಲಿ ಟೆರಿ ಹರ್ಬರ್ಟ್ ಎಂಬ ಹವ್ಯಾಸಿ ಸ್ಟಾಫರ್ಡ್‌ಷೈರಿನ ಒಂದು ಹೊಲದಲ್ಲಿ ಪ್ರಾಚೀನ ಸ್ಯಾಕ್ಸನ್ ಯೋಧರ ಚಿನ್ನದ ರಾಶಿಯನ್ನೇ ಕಂಡ. ಅದಕ್ಕೆ ಕಟ್ಟಿದ ಬೆಲೆ 32 ಲಕ್ಷ ಪೌಂಡಿಗೂ ಹೆಚ್ಚು. ಅದನ್ನು ಅವನಿಗೂ ಹೊಲದೊಡೆಯನಿಗೂ ಹಂಚಿದರು. ಇಂಥ ಸುದ್ದಿ ಸಮುದ್ರ ದಾಟಿ ಬಂದಾಗ ನಮ್ಮವರ ಕಿವಿಯೂ ನಿಮಿರದೆ ಇದ್ದೀತೆ?

ಆದರೆ ಕೋಲಾರದ ನೆಲಕ್ಕೆ ಈ ಬೇಟೆ ಹೊಸದಲ್ಲ. ಯಂತ್ರ ಮಾತ್ರ ಹೊಸದು.

ಕನ್ನಡದಲ್ಲಿ ‘ಜಲಗಾರ’ ಎಂಬ ಹಳೆಯ ಮಾತೊಂದಿದೆ. ಹಳ್ಳದ ಮರಳನ್ನೂ ಚಿನಿವಾರ ಪೇಟೆಯ ಗಟಾರದ ಕಸವನ್ನೂ ಮರದ ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಜಾಲಿಸಿ, ತಳದಲ್ಲಿ ಉಳಿದ ಚಿನ್ನದ ಕಣಗಳನ್ನು ಹೆಕ್ಕುವವನು ಜಲಗಾರ. ಮನೆಯಲ್ಲಿ ಅಕ್ಕಿಯಿಂದ ಕಲ್ಲು ಬೇರ್ಪಡಿಸುವಾಗ ಹೆಂಗಸರು ಮಾಡುವ ಕೈಚಳಕವೇ ಇದು. ಅಲ್ಲಿ ಕಲ್ಲು ತಳಕ್ಕೆ ಕೂರುತ್ತದೆ, ಇಲ್ಲಿ ಹೊನ್ನು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರು ಸೀಮೆಯ ಪೂರ್ವದ ಗಡಿಯನ್ನು ಅಳೆಯುತ್ತ ಈ ಕಡೆ ಬಂದಾಗ ಕಣ್ಣಾರೆ ಕಂಡದ್ದು ಈ ವಿದ್ಯೆಯನ್ನೇ. ಚಿನ್ನದ ವದಂತಿ ಅವನ ಕಿವಿಗೆ ಬಿದ್ದಿತ್ತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಹಳ್ಳಿಗರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಬಳಿ ಗಂಡಸರು ಇಕ್ಕಟ್ಟಾದ ಬಿಲಗಳಿಗಿಳಿದು ಕಲ್ಲನ್ನು ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸುವುದನ್ನೂ, ಮೇಲೆ ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುವುದನ್ನೂ ವಾರನ್ ವರ್ಣಿಸಿದ್ದಾನೆ. ಊರಿನ ಅತ್ಯಂತ ದೀನ ಜನರು ಅವರು. ಇತಿಹಾಸದ ಪುಟದಲ್ಲಿ ವಾರನ್ನನ ಹೆಸರು ನಿಂತಿತು. ಆ ಬುಟ್ಟಿ ಹಿಡಿದ ಕೈಗಳಿಗೆ ಹೆಸರಿಲ್ಲ. (ಇದೇ ವಾರನ್ ಮುಂದೆ ಮದರಾಸಿನ ವೀಕ್ಷಣಾಲಯದಲ್ಲಿದ್ದು ನಮ್ಮ ಪಂಚಾಂಗದ ಗಣಿತವನ್ನು ಕುರಿತು ‘ಕಾಲಸಂಕಲಿತ’ ಎಂಬ ದೊಡ್ಡ ಗ್ರಂಥವನ್ನೇ ಬರೆದ. ಗಡಿ ಅಳೆಯಲು ಬಂದವನು ಚಿನ್ನವನ್ನೂ ತಿಥಿಯನ್ನೂ ಅಳೆದು ಹೋದದ್ದು ವಿಚಿತ್ರವೇ ಸರಿ.)

ವಾರನ್ನನ ವರದಿ ಎಷ್ಟೋ ಕಾಲ ಕಪಾಟಿನಲ್ಲಿ ಧೂಳು ಕುಡಿಯಿತು. 1871ರಲ್ಲಿ ಬೆಂಗಳೂರು ದಂಡಿನ ಪ್ರದೇಶದಲ್ಲಿ ನೆಲೆಸಿದ್ದ ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿಯ ಕಣ್ಣಿಗೆ ಅದು ಬಿತ್ತು. ನ್ಯೂಜಿಲೆಂಡಿನ ಯುದ್ಧದಿಂದ ಬಂದವನು ಅವನು. ಚಿನ್ನದ ಗೀಳನ್ನೂ ಅಲ್ಲಿಂದಲೇ ತಂದಿದ್ದ. ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟು, ಹಳೆಯ ಗುಂಡಿಗಳನ್ನು ನೋಡಿ, 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. ಆಮೇಲಿನದು ದೊಡ್ಡ ಬಂಡವಾಳದ ಕಥೆ. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಬಂದಿತು. ಹಣ ಕರಗುತ್ತ ಹೋಯಿತು, ಚಿನ್ನ ಮಾತ್ರ ಕಾಣಿಸಲಿಲ್ಲ. ಮೈಸೂರು ಗಣಿಯ ಪಾಲುದಾರರು ಕೈ ತೊಳೆದುಕೊಳ್ಳುವ ಹೊತ್ತಿಗೆ ಪ್ಲಮರ್ ಎಂಬ ಗಣಿ ನಿಪುಣ ಪೂರ್ವಿಕರು ತೋಡಿ ಬಿಟ್ಟುಹೋಗಿದ್ದ ಗುಂಡಿಗಳ ಜಾಡನ್ನೇ ಹಿಡಿದು ಕೆಳಗಿಳಿದ. ಅಲ್ಲಿ ಸಿಕ್ಕಿದ್ದು ಚಾಂಪಿಯನ್ ಸಿರ. ಮುಂದೆ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ, 1902ರಲ್ಲಿ ಶಿವನಸಮುದ್ರದಿಂದ ತಂತಿಯೇರಿ ಬಂದ ವಿದ್ಯುತ್ತು, ಇಡೀ ಒಂದು ಪಟ್ಟಣ, ಎಲ್ಲವೂ ಆ ಜಾಡಿನಿಂದ ಹುಟ್ಟಿದವು.

ವಾಚಕರು ಇದನ್ನು ಸ್ವಲ್ಪ ಗಮನಿಸಬೇಕು. ಹಳೆಯ ಗುಂಡಿಯಲ್ಲಿ ಅಗೆಯುವುದಕ್ಕಿಂತ ಮೊದಲು ಗುಂಡಿಯನ್ನು ಓದಿದವನಿಗೆ ಚಿನ್ನ ದಕ್ಕಿತು. ಆ ಗುಂಡಿಗಳನ್ನು ಅದಕ್ಕೂ ಮೊದಲೇ ಯಾರಾದರೂ ಅವಸರದಲ್ಲಿ ಕೆದಕಿ ಮುಚ್ಚಿಹಾಕಿದ್ದರೆ ಪ್ಲಮರನಿಗೆ ದಾರಿ ತೋರಿಸುವವರು ಯಾರಿದ್ದರು?

ಇನ್ನು ಯಂತ್ರದ ವಿಚಾರ. ಅದರ ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಸುರುಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹರಿದಾಡುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ನೆಲದೊಳಗೆ ಲೋಹದ ತುಂಡೊಂದಿದ್ದರೆ ಆ ಕ್ಷೇತ್ರ ಅದರಲ್ಲಿಯೂ ಪುಟ್ಟ ಸುಳಿಮಿಂಚುಗಳನ್ನು ಎಬ್ಬಿಸುತ್ತದೆ. ಆ ಸುಳಿಗಳ ಪ್ರತಿಕ್ಷೇತ್ರ ತಟ್ಟೆಗೆ ಮರಳಿ ತಾಗಿ ಕಿವಿಯಲ್ಲಿ ‘ಕುಂಯ್’ ಎಂದು ನುಡಿಯುತ್ತದೆ. ಇಷ್ಟೇ ರಹಸ್ಯ. ಒಂದು ಕಾಸು ಒಂದು ಗೇಣಿನಷ್ಟು ಆಳದಲ್ಲಿದ್ದರೆ ಸದ್ದು ಬಂದೀತು. ಅದಕ್ಕಿಂತ ಬಹಳ ಆಳಕ್ಕೆ ಹೋದರೆ ಯಂತ್ರ ಮೌನಿ. ‘ಹತ್ತಾಳಿನ ಆಳದ ನಿಧಿಯನ್ನು ತೋರಿಸುತ್ತದೆ’ ಎಂದು ಮಾರುವವನ ಮಾತನ್ನು ನಂಬಿ ಹಣ ಸುರಿಯುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಈ ಯಂತ್ರದ ಹುಟ್ಟಿನಲ್ಲಿಯೇ ಒಂದು ದುರಂತವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟು ತಿಂದು ಮಲಗಿದಾಗ, ದೇಹದೊಳಗಿನ ಗುಂಡು ಎಲ್ಲಿದೆಯೆಂದು ಹುಡುಕಲು ಟೆಲಿಫೋನಿನ ಜನಕ ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಸಾಧನವನ್ನು ಅವಸರವಾಗಿ ರಚಿಸಿಕೊಂಡು ಓಡಿದ. ಹಾಸಿಗೆಯ ಕೆಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಸದ್ದು ಕೆಡಿಸಿದವು. ವೈದ್ಯರು ತಾವು ಗುಂಡಿದೆಯೆಂದು ನಂಬಿದ್ದ ಪಕ್ಕದಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ತೀರಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಎಂಜಿನಿಯರ್ ಕೊಸಾಟ್ಸ್ಕಿ ರೂಪಿಸಿದ ಶೋಧಕ, 1942ರ ಎಲ್ ಅಲಮೇನ್ ಕದನದಲ್ಲಿ ಮರಳಿನಡಿಯ ಸಿಡಿಮದ್ದುಗಳನ್ನು ಪತ್ತೆಹಚ್ಚಿ ಅಸಂಖ್ಯ ಸೈನಿಕರ ಕಾಲು ಉಳಿಸಿತು. ಯುದ್ಧ ಮುಗಿದ ಮೇಲೆ ಇದು ಹವ್ಯಾಸಿಗಳ ಕೈಗೆ ಬಂದದ್ದು.

ಬೆಲ್ಲನ ಹಾಸಿಗೆಯ ಸ್ಪ್ರಿಂಗುಗಳ ಕಥೆಯನ್ನು ಕೋಲಾರದ ಗಣಿ ಪ್ರದೇಶದಲ್ಲಿ ನೆನೆಯಬೇಕು. ಇಲ್ಲಿನ ನೆಲದ ಮೇಲ್ಪದರವೆಲ್ಲ ಕಬ್ಬಿಣ. ನೂರಿಪ್ಪತ್ತು ವರ್ಷ ಹಳಿ, ಕೊಳವೆ, ಸರಪಳಿ, ಮೊಳೆ, ಡಬ್ಬಿ, ತಗಡುಗಳನ್ನು ತುಳಿದ ಜಾಗ ಇದು. ಸಾಲದ್ದಕ್ಕೆ ಬಂಡೆಯಲ್ಲಿಯೂ ಕಬ್ಬಿಣದ ಅಂಶ ಉಂಟು. ತಟ್ಟೆ ಸವರಿದಲ್ಲೆಲ್ಲ ಯಂತ್ರ ಕೂಗುತ್ತದೆ. ಅಗೆದರೆ ತುಕ್ಕು ಹಿಡಿದ ಬೋಲ್ಟು. ಹಾಗಾದರೆ ಚಿನ್ನ? ಆಸ್ಟ್ರೇಲಿಯದಲ್ಲಿ 1980ರಲ್ಲಿ 27 ಕಿಲೋ ತೂಕದ ಅಪರಂಜಿಯ ಗಟ್ಟಿಯನ್ನು ಇಂಥ ಯಂತ್ರವೇ ಹಿಡಿದುಕೊಟ್ಟದ್ದು ನಿಜ. ಕೋಲಾರದ ಚಿನ್ನ ಆ ಜಾತಿಯದಲ್ಲ. ಬೆಣಚು ಕಲ್ಲಿನೊಳಗೆ ಕಣ್ಣಿಗೂ ಕಾಣದ ಕಣಗಳಾಗಿ ಹುದುಗಿರುವ ಚಿನ್ನ ಇದು. ಕೊನೆಕೊನೆಯಲ್ಲಿ ಒಂದು ಟನ್ನು ಕಲ್ಲಿಗೆ ಸುಮಾರು ಮೂರು ಗ್ರಾಂ ಹುಟ್ಟುತ್ತಿತ್ತು. ಗಣಿ ಮುಚ್ಚಿದ್ದಕ್ಕೆ ಅದೂ ಒಂದು ಕಾರಣ. ಅಂಥ ಕಣಕ್ಕೆ ಯಾವ ತಟ್ಟೆಯೂ ನುಡಿಯುವುದಿಲ್ಲ. ಈ ಸರಳ ಸತ್ಯವನ್ನರಿಯದೆ, ಅಥವಾ ಅರಿತೂ ಹೊಟ್ಟೆಪಾಡಿಗೆ ಸೋತು, ಮುಚ್ಚಿದ ಗಣಿಗಳಿಗೆ ಕತ್ತಲಲ್ಲಿ ಇಳಿಯುವವರಿದ್ದಾರೆ. 2020ರಲ್ಲಿ ಮಾರಿಕುಪ್ಪದ ಒಂದು ಪಾಳು ಗಣಿಗೆ ಹಾಗೆ ಇಳಿದವರಲ್ಲಿ ಮೂವರು ಜೀವಂತ ಮರಳಲಿಲ್ಲ.

ಗಣಿಯ ಎಲ್ಲೆಯನ್ನು ದಾಟಿ ಹೊಲಗಳ ಕಡೆಗೆ ಬಂದರೆ ಕಥೆ ಬೇರೆ. ಬಂಗಾರಪೇಟೆಯ ಸುತ್ತಿನ ಸೀಮೆ ಗಂಗರ ತವರು. ಕೋಲಾರವೇ ಅವರ ಮೊದಲ ರಾಜಧಾನಿ ಕುವಲಾಲ. ಬೇತಮಂಗಲದ ಪುರಾತನ ಕೆರೆ ಈ ನಾಡಿನ ಹಿರಿಮೆಗೆ ಸಾಕ್ಷಿ. ಗಂಗರ ತರುವಾಯ ಚೋಳರು ಬಂದರು, ವಿಜಯನಗರದ ಅರಸರು ಬಂದರು. ಹೈದರ್ ಅಲಿ ಹುಟ್ಟಿದ್ದು ಇಲ್ಲಿಯ ಬೂದಿಕೋಟೆಯಲ್ಲಿ. ದಂಡು ನಡೆದಲ್ಲಿ ಕಾಸು ಉದುರುತ್ತದೆ. ಸಂತೆ ಕೂಡಿದಲ್ಲಿ ಸೆರಗಿನ ಗಂಟು ಬಿಚ್ಚಿಕೊಳ್ಳುತ್ತದೆ. ಮುಂಗಾರಿನ ಮೊದಲ ಹದಮಳೆ ಬಿದ್ದ ಮಾರನೆಯ ದಿನ ರಾಗಿಯ ಹೊಲ ಉಳುವಾಗ ನೇಗಿಲ ಸಾಲಿನಲ್ಲಿ ಹಸಿರುಗಟ್ಟಿದ ತಾಮ್ರದ ಬಿಲ್ಲೆ ಮೇಲೇಳುವುದು ಈ ಕಡೆ ಅಸಂಭವವೇನಲ್ಲ. ಅದರ ಒಂದು ಮುಖದಲ್ಲಿ ಆನೆ ಇದ್ದು, ಮತ್ತೊಂದರಲ್ಲಿ ಪಾರಸಿ ಬರಹವಿದ್ದರೆ ಅದು ಟಿಪ್ಪುವಿನದಾಗಿರಬಹುದು. ಅವನ ಕಡೆಯ ವರ್ಷಗಳ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆನೆಯೊಡನೆ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು.

ಸರಿ, ನಾಣ್ಯ ಸಿಕ್ಕಿತು. ಮುಂದೆ? ಸಾಮಾನ್ಯವಾಗಿ ನಡೆಯುವುದು ಇಷ್ಟು: ತಾಮ್ರವಾದರೆ ಗುಜರಿ ಅಂಗಡಿಯ ತಕ್ಕಡಿ, ಚಿನ್ನ ಬೆಳ್ಳಿಯಾದರೆ ಅಕ್ಕಸಾಲೆಯ ಮೂಸೆ. ಒಂದು ರಾತ್ರಿಯಲ್ಲಿ ಆರುನೂರು ವರ್ಷದ ಇತಿಹಾಸ ಕರಗಿ ಕಾಲುಂಗುರವಾಗುತ್ತದೆ. ನಷ್ಟವೇನು ಎಂದು ಕೇಳುವವರಿಗೆ ಬೆಂಗಳೂರಿನದೇ ಎರಡು ದೃಷ್ಟಾಂತಗಳಿವೆ. 1891ರಲ್ಲಿ ಯಶವಂತಪುರದ ಬಳಿ ರೈಲು ದಾರಿಗಾಗಿ ಅಗೆಯುವಾಗ ಒಂದು ಮಡಕೆಯಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ವಿಮಾನ ಕಾರ್ಖಾನೆಯ ನಿಲ್ದಾಣದ ಬಳಿ ಮತ್ತೆ 256. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಮುಖಮುದ್ರೆ ಹೊತ್ತ ಹಣ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಬಯಲುಸೀಮೆಗೆ ಹೇಗೆ ಬಂದಿತು? ಸಮುದ್ರ ತೀರದಿಂದ ಒಳನಾಡಿಗೆ ಹರಿದ ವ್ಯಾಪಾರದ ದಾರಿಗಳನ್ನು ವಿದ್ವಾಂಸರು ಊಹಿಸಲು ಸಾಧ್ಯವಾದದ್ದು, ಆ ಮಡಕೆಗಳು ಮೂಸೆಗೆ ಹೋಗದೆ ಉಳಿದದ್ದರಿಂದ.

ಚಿತ್ರದುರ್ಗದ ಚಂದ್ರವಳ್ಳಿಯದು ಇನ್ನೂ ಸೊಗಸಾದ ಪ್ರಸಂಗ. ಅಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಸಾತವಾಹನರ ನಾಣ್ಯಗಳೂ ರೋಮಿನ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕವು. ನಾಣ್ಯದ ಬೆಲೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಮಣ್ಣಿನ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಎಂಥ ಮಡಕೆಯ ಚೂರಿತ್ತು, ಮೇಲಿನ ಪದರದಲ್ಲಿ ಏನಿತ್ತು ಎಂಬುದನ್ನು ಗುರುತು ಹಾಕಿದರು. ರೋಮಿನ ಚಕ್ರವರ್ತಿಯ ಕಾಲ ಎಲ್ಲರಿಗೂ ಗೊತ್ತು. ಆದ್ದರಿಂದ ಅವನ ನಾಣ್ಯದ ಪಕ್ಕದಲ್ಲಿದ್ದ ಹೆಸರಿಲ್ಲದ ಕುಂಬಾರನ ಮಡಕೆಗೂ ಒಂದು ಕಾಲ ಸಿಕ್ಕಿತು. ಆ ಮಡಕೆಯ ಮೂಲಕ ಬೇರೆ ಊರುಗಳ ಕಾಲವೂ ತಿಳಿಯಿತು. ಅದೇ ನಾಣ್ಯವನ್ನು ಯಾರೋ ಒಬ್ಬ ಯಂತ್ರದ ಸದ್ದು ಕೇಳಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ? ಅದು ಪ್ರದರ್ಶನದ ಪೆಟ್ಟಿಗೆಯಲ್ಲಿ ಹೊಳೆಯುವ ಬೆಳ್ಳಿಯ ಚೂರಾಗಿ ಉಳಿಯುತ್ತಿತ್ತು. ಕುಂಬಾರನ ಮಡಕೆ ಮೂಕವಾಗುತ್ತಿತ್ತು.

ಇಂಗ್ಲೆಂಡಿನವರಿಗೆ ಇದು ತಿಳಿಯದೆ ಅಲ್ಲ. ಅಲ್ಲಿ ಹವ್ಯಾಸಿಗಳು ಬಹುಮಟ್ಟಿಗೆ ಉತ್ತ ಹೊಲದ ಮೇಲ್ಮಣ್ಣಿನಲ್ಲಿ, ಅಂದರೆ ಪದರಗಳು ಆಗಲೇ ಕಲಸಿಹೋದ ಕಡೆ ಹುಡುಕುತ್ತಾರೆ. ಹೊಲದೊಡೆಯನ ಅನುಮತಿ ಬೇಕು. 1996ರ ಕಾಯಿದೆಯಂತೆ ನಿಧಿಯನ್ನು ವರದಿ ಮಾಡಬೇಕು. ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸಿಕೊಳ್ಳುವ ಏರ್ಪಾಡು 1997ರಿಂದ ನಡೆದಿದೆ.

ನಮ್ಮಲ್ಲಿ ಈ ವಿಚಾರದ ಕಟ್ಟುಪಾಡು ಇಂಗ್ಲೀಷರಿಂದ ಬಂದದ್ದೆಂದು ತಿಳಿಯುವುದು ತಪ್ಪು. ವಿಜಯನಗರದ ಕಾಲದ ದಾನಶಾಸನಗಳನ್ನು ತೆರೆದರೆ ಭೂಮಿಯ ಅಷ್ಟಭೋಗಗಳಲ್ಲಿ ಮೊದಲು ಬರುವುದೇ ನಿಧಿ, ನಿಕ್ಷೇಪ. ಜಲ, ಪಾಷಾಣಗಳು ಆಮೇಲೆ. ಅರಸನು ಅಷ್ಟಭೋಗಗಳ ಸಹಿತ ಹಳ್ಳಿಯನ್ನು ದಾನ ಮಾಡಿದನೆಂದರೆ, ನೆಲದಡಿಯ ನಿಧಿಯ ಮೇಲಿನ ತನ್ನ ಹಕ್ಕನ್ನೂ ಧಾರೆಯೆರೆದನೆಂದು ಅರ್ಥ. ಅದಕ್ಕೂ ಹಿಂದೆ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ಸಾಮಾನ್ಯ ಪ್ರಜೆಗೆ ನಿಧಿ ದೊರೆತರೆ ರಾಜನು ಅವನಿಗೆ ಆರನೆಯ ಒಂದು ಪಾಲು ಕೊಟ್ಟು ಉಳಿದುದನ್ನು ತಾನು ತೆಗೆದುಕೊಳ್ಳಬೇಕು. ತಿಳಿಸದೆ ಬಚ್ಚಿಟ್ಟವನಿಂದ ಅದನ್ನು ಕಿತ್ತುಕೊಂಡು ದಂಡವನ್ನೂ ಹಾಕಬೇಕು. 1878ರ ಬ್ರಿಟಿಷ್ ಕಾಯಿದೆ ಸಿಕ್ಕವನ ವಿಚಾರದಲ್ಲಿ ಹೆಚ್ಚು ಉದಾರ. ಹತ್ತು ರೂಪಾಯಿ ಬೆಲೆ ಮೀರುವ ಯಾವ ನಿಕ್ಷೇಪವನ್ನಾದರೂ ಕಲೆಕ್ಟರಿಗೆ ತಿಳಿಸಬೇಕೆಂದೂ, ಮಾಲೀಕರಾರೂ ಮುಂದೆ ಬರದಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಸಿಕ್ಕವನಿಗೆ ಮುಕ್ಕಾಲು, ನೆಲದೊಡೆಯನಿಗೆ ಕಾಲುಪಾಲು ಎಂದೂ ಅದು ವಿಧಿಸಿತು. ಮುಚ್ಚಿಟ್ಟವನಿಗೆ ಒಂದು ವರ್ಷದವರೆಗಿನ ಸೆರೆಮನೆ. ಕರ್ನಾಟಕಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯಿದೆ ಬಂದಿತು. ನೂರು ವರ್ಷ ದಾಟಿದ ನಾಣ್ಯವೂ ಶಿಲ್ಪವೂ 1972ರ ಕೇಂದ್ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು. ದೇಶದಾಚೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಒಂದು ಗುದ್ದಲಿ ಹಾಕುವುದೂ ಅಪರಾಧ. ಹೀಗಿರುವಾಗ ಯಂತ್ರ ಹಿಡಿದು ಹಳೆಯ ಕೋಟೆ ಗುಡಿಗಳತ್ತ ಹೊರಡುವುದನ್ನು ನಮ್ಮ ನಾಡಿನಲ್ಲಿ ಭಾನುವಾರದ ವಿನೋದವೆನ್ನಲಾಗದು.

ಅಷ್ಟಾದರೂ ಹೊರಡುವವರಿದ್ದಾರೆ. ನಿಧಿಗಳ್ಳರ ಉಪದ್ರವ ಈ ರಾಜ್ಯಕ್ಕೆ ಹಳೆಯದು. ಊರ ಹೊರಗಿನ ಪಾಳು ಗುಡಿಯಲ್ಲಿ ಬಸವಣ್ಣನ ವಿಗ್ರಹ ಮಗುಚಿ ಬಿದ್ದಿರುವುದು, ಗರ್ಭಗುಡಿಯ ನಡುವೆ ಆಳುದ್ದದ ಗುಂಡಿ, ಸುತ್ತ ಅರಿಸಿನ ಕುಂಕುಮ, ನಿಂಬೆಯ ಹಣ್ಣು, ಇಂಥ ದೃಶ್ಯವನ್ನು ಕಾಣದ ಜಿಲ್ಲೆ ಬಹುಶಃ ಇಲ್ಲ. ಮೊದಲು ಅಂಜನ ಹಾಕುವವನು ದಾರಿ ತೋರುತ್ತಿದ್ದ. ಈಗ ಅವನ ಪಕ್ಕದಲ್ಲಿ ಯಂತ್ರವೂ ನಿಂತಿದೆ. ವೀರಗಲ್ಲಿನ ಬುಡದಲ್ಲಿ ಚಿನ್ನವಿದೆಯೆಂದು ಕಲ್ಲನ್ನೇ ಒಡೆಯುವವರನ್ನು ಕಂಡರೆ ಮರುಕಕ್ಕಿಂತ ಸಿಟ್ಟೇ ಮುಂದಾಗುತ್ತದೆ. ಆ ಕಲ್ಲಿನ ಮೇಲಿನ ನಾಲ್ಕು ಸಾಲಿನ ಹಳಗನ್ನಡವೇ ನಿಜವಾದ ನಿಕ್ಷೇಪ. ಬಿ. ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಒಂದು ಸಂಪುಟವಾಗಿ ಅಚ್ಚುಹಾಕಿಸದೆ ಹೋಗಿದ್ದರೆ ಎಷ್ಟು ಊರುಗಳ ಹೆಸರು, ಎಷ್ಟು ವೀರರ ಹೆಸರು ಅಳಿದುಹೋಗುತ್ತಿದ್ದವೋ!

ಯಂತ್ರ ಮಾತ್ರ ನಿರಪರಾಧಿ. ಅದಕ್ಕೆ ಒಪ್ಪುವ ಕೆಲಸವೂ ಉಂಟು. ಕಡಲೆಕಾಯಿ ಕೀಳುವಾಗ ಬೆರಳಿನಿಂದ ಜಾರಿದ ಉಂಗುರ, ಕಣದಲ್ಲಿ ಕಳಚಿದ ಮಕ್ಕಳ ಉಡಿದಾರ, ಕಳೆ ತೆಗೆಯುವಾಗ ದಾರ ಹರಿದು ಬಿದ್ದ ತಾಳಿ, ಇವು ಒಂದು ಬಡ ಸಂಸಾರಕ್ಕೆ ರೋಮಿನ ಮಡಕೆಗಿಂತ ಕಡಿಮೆಯವಲ್ಲ. ಕಳೆದುಕೊಂಡವರ ಹೊಲದಲ್ಲಿ, ಅವರ ಮುಂದೆಯೇ, ಹಗಲಿನಲ್ಲಿ ಹುಡುಕಿಕೊಡುವವನನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ. ಎತ್ತಿನ ಲಾಳ, ಸೋಡಾ ಬಾಟಲಿಯ ಮುಚ್ಚಳ, ಮುರಿದ ಕುಡುಗೋಲು ಹತ್ತು ಸಲ ಬಂದ ಮೇಲೆ ಹನ್ನೊಂದನೆಯ ಸಲ ಸದ್ದು ಬದಲಾಗುತ್ತದೆ.

ಇನ್ನು ಹಳೆಯ ನಾಣ್ಯ ಹುಡುಕದೆಯೂ ಕೈಗೆ ಬಂದರೆ, ಮನೆಯ ಹಿತ್ತಿಲಲ್ಲಿ ಗಿಡ ನೆಡುವಾಗ, ಬಾವಿಯ ಹೂಳು ಎತ್ತುವಾಗ, ಮನೆಯವರು ಮಾಡಬೇಕಾದದ್ದು ಕೆಲವೇ. ಮೊದಲನೆಯದಾಗಿ ಅಗೆಯುವುದನ್ನು ನಿಲ್ಲಿಸಬೇಕು. ಒಂದು ಸಿಕ್ಕಿದ ಕಡೆ ಮಡಕೆಯೇ ಇದ್ದೀತು. ಎರಡನೆಯದಾಗಿ, ನಮ್ಮ ತಾಯಂದಿರು ತಾಮ್ರ ಕಂಡೊಡನೆ ಮಾಡುವ ಕೆಲಸವನ್ನು ಮಾಡಕೂಡದು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಚೊಂಬು ಹೊಳೆಯುತ್ತದೆ ನಿಜ. ನಾಣ್ಯದ ಮೇಲಾದರೆ ಹಸಿರಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಅಂಟಿದ ಮಣ್ಣಿನ ಸಮೇತ ಒಂದು ಕಾಗದದ ಪೊಟ್ಟಣದಲ್ಲಿಟ್ಟು, ಸಿಕ್ಕ ದಿನ, ಆಳ ಎಷ್ಟು ಗೇಣು, ಜೊತೆಗಿದ್ದ ಮಡಕೆ ಚೂರು ಯಾವ ಬಣ್ಣದ್ದು ಎಂಬುದನ್ನು ಬರೆದಿಡಬೇಕು. ಆಮೇಲೆ ತಹಶೀಲ್ದಾರರ ಮೂಲಕವೋ ನೇರವಾಗಿಯೋ ಕೋಲಾರದ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಪೊಟ್ಟಣದ ಮೇಲೆ ಹೊಲದ ಸರ್ವೆ ನಂಬರು ಹಾಕುವುದನ್ನು ಮಾತ್ರ ಮರೆಯಬಾರದು.